ಹುರುಳಿಯ ಮೇಲೆ ಇಳಿದ ವಿಮಾನ

ವಿಮಾನ ಓಡಿಸುವುದನ್ನು ಕಲಿಸುತ್ತಿದ್ದು ನಿವೃತ್ತನಾದವನು ನಾನು. ಈಗ ಕನಕಪುರದಲ್ಲಿ ಮಗಳ ಮನೆಯ ಮಹಡಿಯ ಮೇಲೆ ಕುರ್ಚಿ ಹಾಕಿಕೊಂಡು, ತಲೆಯ ಮೇಲೆ ಹೋಗುವ ವಿಮಾನಗಳಿಗೆಲ್ಲ ತಪ್ಪು ಹುಡುಕುತ್ತ ಕೂತಿರುತ್ತೇನೆ. ನನ್ನ ಬೈಗುಳ ಅಷ್ಟು ಎತ್ತರಕ್ಕೆ ಕೇಳಿಸುವುದಿಲ್ಲ, ಅದು ಆ ಪೈಲಟ್‌ಗಳ ಪುಣ್ಯ. ಮಗಳು ಮಾತ್ರ ಕೇಳಿಸಿಕೊಂಡು, ಅಪ್ಪಾ ಕಾಫಿ ಆರುತ್ತಿದೆ ಎನ್ನುತ್ತಾಳೆ.

ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಯಾವ ವಯಸ್ಸಿಗೆ ಯಾವ ಹುದ್ದೆ ಸಿಕ್ಕಿತು, ಹೆಗಲ ಮೇಲಿನ ಪಟ್ಟಿ ಯಾವಾಗ ಹೆಚ್ಚಾಯಿತು ಎಂದು ಕೇಳುತ್ತಾರೆ. ಅದೆಲ್ಲ ತಲೆಗೂದಲು ನರೆತ ಹಾಗೆ, ಸುಮ್ಮನೆ ಇದ್ದರೂ ಆಗುತ್ತದೆ. ಕೇಳಬೇಕಾದ್ದು ಬೇರೆ ಇದೆ. ವಿಮಾನ ನೆಲ ಮುಟ್ಟಿದ ಮೇಲೆ ಮಾತು ಕೇಳುವುದನ್ನು ನಿಲ್ಲಿಸಿದರೆ ಏನು ಮಾಡಬೇಕು ಅಂತ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಹಾರುವುದರ ಮೇಲೇ ಕಣ್ಣು. ಹಾರುವುದು ದೊಡ್ಡ ಮಾತಲ್ಲ. ಎಂಜಿನ್ ಜೋರು ಮಾಡಿ ನೆಟ್ಟಗೆ ಓಡಿಸಿದರೆ ಸ್ವಲ್ಪ ಹೊತ್ತಿಗೆ ವಿಮಾನಕ್ಕೇ ನೆಲ ಬೇಸರವಾಗಿ ಮೇಲೇಳುತ್ತದೆ. ನಮಗೆ ಸಂಬಳ ಕೊಡುತ್ತಿದ್ದದ್ದು ಇಳಿಸುವುದಕ್ಕೆ.

ನಮ್ಮ ಶಾಲೆ ಇದ್ದದ್ದು ರಾಮನಗರದಿಂದ ಕನಕಪುರಕ್ಕೆ ಬರುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಬಯಲಿನಲ್ಲಿ. ಸುತ್ತ ಬಂಡೆ ಗುಡ್ಡಗಳು. ಒಂದು ಶೆಡ್ಡು, ಎರಡು ಸೀಟಿನ ಎರಡು ಪುಟ್ಟ ವಿಮಾನ, ಒಂದು ರನ್‌ವೇ. ರನ್‌ವೇ ಎಂದರೆ ಡಾಂಬರಿನ ಒಂದು ಪಟ್ಟಿ, ಅಷ್ಟೇ. ಅದರ ನಡುವೆ ಒಂದು ಉಬ್ಬಿತ್ತು. ಕಟ್ಟಿದ ಕಂಟ್ರಾಕ್ಟರು ಅಡಿಯಲ್ಲಿದ್ದ ಬಂಡೆ ಒಡೆಯುವ ಗೋಜಿಗೆ ಹೋಗದೆ ಅದರ ಮೇಲೇ ಡಾಂಬರು ಸುರಿದಿದ್ದ. ಈ ತುದಿಯಲ್ಲಿ ನಿಂತವನಿಗೆ ಉಬ್ಬಿನ ಆಚೆಯದು ಕಾಣುತ್ತಿರಲಿಲ್ಲ. ಈ ಉಬ್ಬನ್ನು ಸ್ವಲ್ಪ ಜ್ಞಾಪಕದಲ್ಲಿಟ್ಟುಕೊಳ್ಳಿ.

ವಿಮಾನಗಳೂ ಹಳೆಯ ಕಾಲದವು. ಮುಂದೆ ಎರಡು ಗಾಲಿ, ಬಾಲದ ಕೆಳಗೆ ಒಂದು ಪುಟಾಣಿ ಗಾಲಿ. ಭಾರವೆಲ್ಲ ಮುಂದಿನ ಗಾಲಿಗಳ ಹಿಂದೆ. ಎತ್ತಿನ ಗಾಡಿಯನ್ನು ಹಿಂದಕ್ಕೆ ತಳ್ಳಿ ನೋಡಿದವರಿಗೆ ಇದರ ಕಷ್ಟ ಗೊತ್ತು. ನೀವು ನೆಟ್ಟಗೆ ತಳ್ಳಿದರೂ ಮುಂದಿನ ಮೂಕಿಮರ ತನ್ನ ಪಾಡಿಗೆ ತಾನು ಒಂದು ಕಡೆ ತಿರುಗಿಕೊಳ್ಳುತ್ತದೆ. ಇದೂ ಹಾಗೆಯೇ. ಇಳಿದು ಓಡುವಾಗ ಕೂದಲೆಳೆಯಷ್ಟು ವಾಲಿದರೆ, ಕಾಲಿನ ಪೆಡಲ್ ಒತ್ತಿ ಆ ಕ್ಷಣವೇ ಸರಿಮಾಡಬೇಕು. ತಡಮಾಡಿದರೆ ಬಾಲ ಮುಂದಕ್ಕೆ ಬಂದುಬಿಡುತ್ತದೆ, ಮೂತಿ ಹಿಂದಕ್ಕೆ ಹೋಗುತ್ತದೆ, ರೆಕ್ಕೆ ನೆಲ ಕೆರೆಯುತ್ತದೆ. ಇಡೀ ವಿಮಾನ ಬುಗುರಿ ತಿರುಗಿದ ಹಾಗೆ ತಿರುಗಿ ನಿಲ್ಲುತ್ತದೆ, ಅದೃಷ್ಟ ಇದ್ದರೆ.

ಪಕ್ಕದಲ್ಲಿ ಒಂದು ಹಳ್ಳಿ. ನಾವು ಬರೀ ದೊಡ್ಡಿ ಎನ್ನುತ್ತಿದ್ದೆವು. ಅಲ್ಲಿಯವರು ನನ್ನನ್ನು ಮೇಷ್ಟ್ರು ಎನ್ನುತ್ತಿದ್ದರು. ನಾನು ಕ್ಯಾಪ್ಟನ್ ಎಂದು ಹೇಳಿ ನೋಡಿದೆ. ಕಲಿಸೋನು ಮೇಷ್ಟ್ರಲ್ಲದೆ ಇನ್ನೇನು ಅಂದರು. ಆಮೇಲೆ ನನಗೂ ಅದೇ ಅಭ್ಯಾಸವಾಯಿತು.

ಕಲಿಯಲು ಬಂದವರಲ್ಲಿ ನಾನು ಸಾಯುವ ತನಕ ಮರೆಯದವರು ಪುಟ್ಟಸ್ವಾಮಿಗೌಡರು. ಕನಕಪುರದ ಕಡೆಯ ಜಮೀನುದಾರರು. ಐವತ್ತು ದಾಟಿದ ಮೇಲೆ, ಟ್ರ್ಯಾಕ್ಟರ್, ಜೀಪು, ಬುಲೆಟ್ ಎಲ್ಲ ಓಡಿಸಿ ಮುಗಿಯಿತು ಎಂದು ಇಲ್ಲಿಗೆ ಬಂದಿದ್ದರು. ಬುದ್ಧಿವಂತರು, ಧೈರ್ಯವಂತರು, ಕೈ ಚೆನ್ನಾಗಿತ್ತು. ಆದರೆ ಇಳಿಯಲು ತಿರುಗುವಾಗ ಪ್ರತಿ ಸಲವೂ ಒಂದೇ ಜಾಗದಲ್ಲಿ ವಿಮಾನ ತೊಟ್ಟಿಲ ಹಾಗೆ ತೂಗಾಡುತ್ತಿತ್ತು. ನಾನು ಗಾಳಿಯನ್ನು ಬೈದೆ, ಎಂಜಿನ್ ನೋಡಿಸಿದೆ. ಒಂದು ದಿನ ತಿರುಗಿ ಅವರ ಕಡೆ ನೋಡುತ್ತೇನೆ, ಸಾಹೇಬರು ಎರಡೂ ಕೈ ಬಿಟ್ಟು, ಕಣ್ಣು ಮುಚ್ಚಿ, ಕೈ ಮುಗಿದು ಕೂತಿದ್ದಾರೆ.

"ಕಬ್ಬಾಳಮ್ಮನ ಬೆಟ್ಟ ಕಾಣ್ತು ಕಣ್ ಸಾರ್," ಅಂದರು, ನಾನು ಕಿರುಚಿ ಮುಗಿಸಿದ ಮೇಲೆ. "ಬೆಟ್ಟ ಕಂಡ್ ಮ್ಯಾಲೆ ಕೈ ಮುಗೀದೆ ಇರಕ್ಕಾಯ್ತದಾ?"

ಬೈಕಿನಲ್ಲಿ ಹೋಗುತ್ತ ಗುಡಿ ಕಂಡಾಗ ಒಂದು ಕೈ ಎತ್ತಿ ಎದೆ ಮುಟ್ಟಿಕೊಳ್ಳುವವರನ್ನು ನೀವೂ ನೋಡಿದ್ದೀರಿ. ಆಕಾಶದಲ್ಲಿ ಅಡ್ಡ ಬರುವವರಿಲ್ಲವಲ್ಲ, ಅದಕ್ಕೆ ಗೌಡರು ಎರಡೂ ಕೈ ಎತ್ತುತ್ತಿದ್ದರು. ತಲೆ ಬಾಗಿದರೂ ತಾಯಿ ಒಪ್ಪುತ್ತಾಳೆ ಎಂದು ಹೇಳಿಕೊಟ್ಟೆ. ಮಾರನೆಯ ದಿನ ತಲೆಯ ಜೊತೆಗೆ ವಿಮಾನದ ಮೂತಿಯನ್ನೂ ಬಾಗಿಸಿದರು. ಕೊನೆಗೆ ಅವರ ಪರವಾಗಿ ನಾನೇ ಕೈ ಮುಗಿಯುವುದು ಎಂದು ಒಪ್ಪಂದವಾಯಿತು. ಅವರು ಮೊದಲ ಸಲ ಒಬ್ಬರೇ ಹಾರಿದ ದಿನ ನಾನು ನೆಲದ ಮೇಲೆ ನಿಂತು, ಅವರು ಬೆಟ್ಟದ ಎದುರಿಗೆ ಬಂದ ಕೂಡಲೇ, ಮಾತು ಕೊಟ್ಟಿದ್ದ ಪ್ರಕಾರ ಕೈ ಮುಗಿದೆ. ನಮ್ಮ ಚೀಫ್ ಶೆಡ್ಡಿನ ಬಾಗಿಲಿನಿಂದ ಅದನ್ನು ನೋಡಿ, ಇವನಿಗೆ ತನ್ನ ಪಾಠದ ಮೇಲೇ ನಂಬಿಕೆ ಇಲ್ಲ ಎಂದುಕೊಂಡರು.

ಚೀಫ್ ಎಂದರೆ ಶಾಲೆಯ ಮುಖ್ಯಸ್ಥರು. ಸೈನ್ಯದ ವಿಮಾನ ಓಡಿಸಿ ಬಂದವರು. ನೆಟ್ಟನೆ ಬೆನ್ನು, ಅದಕ್ಕಿಂತ ನೆಟ್ಟನೆ ಮೀಸೆ. ಪೇಪರನ್ನು ಸುರುಳಿ ಸುತ್ತಿ ಹಿಂದಿನಿಂದ ಶಿಷ್ಯನ ತಲೆಗೆ ಬಡಿಯುತ್ತ ಕಲಿಸಿದ ಕಾಲದವರು. ಅವರ ಮಾತು ಒಂದೇ: ಎಂಜಿನ್ ಆರಿಸಿ, ಕೆಳಗಿಳಿದು, ಬಾಗಿಲು ಹಾಕುವ ತನಕ ನೀನು ಇನ್ನೂ ಇಳಿದಿಲ್ಲ. ಈಗ ಪೇಪರ್ ಸುರುಳಿ ಇಲ್ಲ. ಈಗ ಬೆಂಗಳೂರಿನಲ್ಲಿ ಎ.ಸಿ. ಕೋಣೆಯೊಳಗೆ ಕೂತು ಇಳಿಸಿ ಕಲಿಯುವ ಯಂತ್ರ ಬಂದಿದೆ. ಬಿದ್ದರೆ ಒಂದು ಗುಂಡಿ ಒತ್ತಿದರಾಯಿತು, ಮತ್ತೆ ಆಕಾಶದಲ್ಲಿರುತ್ತೀರಿ. ಒಳ್ಳೆಯ ಯಂತ್ರವೇ, ನಾನು ಹಳಿಯುವುದಿಲ್ಲ. ಆದರೆ ಅದರ ರನ್‌ವೇ ಮೇಲೆ ದನ ಇಲ್ಲ, ನಾಯಿ ಇಲ್ಲ, ದೊಡ್ಡಿಯ ಜನ ಅಂತೂ ಇಲ್ಲವೇ ಇಲ್ಲ.

ಗಾಳಿಯ ವಿಷಯವೂ ಹಾಗೆಯೇ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಈಗಿನವರು ಫೋನ್ ನೋಡಿ ಹೇಳುತ್ತಾರೆ. ಫೋನಿನಲ್ಲಿ ತೋರಿಸುವುದು ಬೆಂಗಳೂರಿನ ಗಾಳಿ. ನಮ್ಮ ಬಂಡೆಗಳ ನಡುವೆ ಅದು ಸೊಂಟ ತಿರುಗಿಸಿಕೊಂಡು ಬೇರೆಯೇ ದಾರಿ ಹಿಡಿಯುತ್ತಿತ್ತು. ನಮಗೆ ಕಂಬಕ್ಕೆ ಕಟ್ಟಿದ ಬಟ್ಟೆಯ ಗಾಳಿಚೀಲವೇ ಗತಿ. ಅದು ಒಂದು ದಿನ ಮಾಯವಾಯಿತು. ಹೊಸದು ಕಟ್ಟಿದೆವು, ಅದೂ ಮಾಯವಾಯಿತು. ಒಂದು ತಿಂಗಳ ಮೇಲೆ ದೊಡ್ಡಿಯಲ್ಲಿ ಯಾರದೋ ಜಗಲಿಯ ಮೇಲೆ ಕೇಸರಿ ಬಣ್ಣದ ಉದ್ದನೆಯ ದಿಂಬು ಕಂಡೆ. ಒಳಗೆ ಬೂರುಗದ ಹತ್ತಿ ತುಂಬಿದ್ದರು, ಒರಗಿ ನೋಡಿದೆ, ಸುಖವಾಗಿತ್ತು.

ಚೀಲ ಇಲ್ಲದ ದಿನಗಳಲ್ಲಿ ನಮ್ಮನ್ನು ಕಾಪಾಡಿದ್ದು ಕೆಂಪಮ್ಮನ ಕಣ. ಕೆಂಪಮ್ಮನದು ರನ್‌ವೇ ಪಕ್ಕದ ಹೊಲ. ಗಂಡ ತೀರಿಕೊಂಡ ಮೇಲೂ ಒಂದು ಗುಂಟೆ ಬಿಡದೆ ತಾನೇ ಬೇಸಾಯ ಮಾಡಿಸುತ್ತಿದ್ದ ಹೆಂಗಸು, ನನ್ನದೇ ವಯಸ್ಸು. ಸುಗ್ಗಿಯಲ್ಲಿ ಆಕೆ ಮೊರ ಎತ್ತಿ ಕಾಳು ತೂರುತ್ತಿದ್ದಳು. ಹೊಟ್ಟು ಯಾವ ಕಡೆ ಹಾರುತ್ತದೋ ಅದನ್ನು ಮೇಲಿನಿಂದ ನೋಡಿಕೊಂಡು ನಾವು ಇಳಿಯುತ್ತಿದ್ದೆವು. ಗಾಳಿ ಬಂದಾಗ ತೂರಿಕೋ ಎನ್ನುವ ಗಾದೆಯನ್ನು, ತೂರುವುದು ಕಂಡಾಗ ಇಳಿದುಕೋ ಎಂದು ನಾನು ಶಿಷ್ಯರಿಗೆ ತಿದ್ದಿ ಹೇಳಿಕೊಡುತ್ತಿದ್ದೆ. ಇದು ಕೆಂಪಮ್ಮನಿಗೂ ಗೊತ್ತಿತ್ತು. ಅವಳು ಅದನ್ನು ಒಂದು ಸಾಲದ ಹಾಗೆ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದಾಳೆ ಅಂತ ಮಾತ್ರ ನಮಗೆ ಗೊತ್ತಿರಲಿಲ್ಲ.

ಇನ್ನು ಸಮೀನಾ ವಿಷಯ. ನಿವೃತ್ತಿಗೆ ಮುಂಚೆ ನಾನು ಕಲಿಸಿದ ಕೊನೆಯ ಶಿಷ್ಯರಲ್ಲಿ ಒಬ್ಬಳು. ಚನ್ನಪಟ್ಟಣದ ಹುಡುಗಿ, ಅಪ್ಪ ಗೊಂಬೆ ಕಡೆಯುವವರು. ಬೆಳಿಗ್ಗೆ ರೈಲು ಹಿಡಿದು ರಾಮನಗರಕ್ಕೆ ಬಂದು, ಅಲ್ಲಿಂದ ಬಸ್ಸು, ಬಸ್ಸಿಳಿದು ನಡಿಗೆ. ಮನೆಯಲ್ಲಿ ಅಪ್ಪನನ್ನು ಒಪ್ಪಿಸಲು ಎರಡು ವರ್ಷ ಜಗಳವಾಡಿದ್ದಳಂತೆ. ಕೊನೆಗೆ ಅಪ್ಪ ಒಂದು ಷರತ್ತಿನ ಮೇಲೆ ಕಳಿಸಿದ್ದರು: ಹೋಗು, ಆದರೆ ಅಲ್ಲಿಯವರು ಆಗಲ್ಲ ಅಂತ ವಾಪಸು ಕಳಿಸಿದರೆ ಆ ಮಾತು ಅಲ್ಲಿಗೆ ಮುಗಿಯಿತು, ಇನ್ನೊಂದು ಸಲ ಕೇಳಕೂಡದು. ಇದನ್ನು ಅವಳು ಸೇರಿದ ಮೊದಲ ವಾರವೇ ನನಗೆ ಹೇಳಿದ್ದಳು, ನಗುನಗುತ್ತಲೇ. ಮಾತು ಕಡಿಮೆ, ಕಾಲು ಚುರುಕು. ಬಾಲದ ಗಾಲಿಯ ವಿಮಾನಕ್ಕೆ ಬೇಕಾದ್ದೇ ಅದು.

ಅವಳನ್ನು ಮೊದಲ ಸಲ ಒಬ್ಬಳನ್ನೇ ಬಿಡುವ ದಿನ ಬಂತು. ಸಂಕ್ರಾಂತಿ ಹತ್ತಿರ, ಚಳಿ, ಗಾಳಿ ಇಲ್ಲ. ಬೆಳಿಗ್ಗೆಯಿಂದ ಇಬ್ಬರೂ ಕೂತು ಏಳುವುದು, ಸುತ್ತುವುದು, ಇಳಿಯುವುದು, ಇಳಿದು ಉಬ್ಬು ದಾಟಿ ಓಡುತ್ತಲೇ ಮತ್ತೆ ಏಳುವುದು, ಹೀಗೆ ಮಾಡುತ್ತಲೇ ಇದ್ದೆವು. ಎಲ್ಲ ಸಲವೂ ಚೆನ್ನಾಗಿ ಇಳಿಸಿದಳು. ಆಮೇಲೆ ಶೆಡ್ಡಿಗೆ ಬಂದು ಟೀ ಕುಡಿದೆವು. ಟೀ ಮುಗಿದ ಮೇಲೆ ನಾನು ಅವಳ ಪಕ್ಕದ ಸೀಟಿನ ಬೆಲ್ಟನ್ನು ಬಿಗಿಯಾಗಿ ಕಟ್ಟಿ, ಬಾಗಿಲು ಹಾಕಿ, ಹೋಗಿ ಬಾ ಅಂದೆ. ಅವಳು ಖಾಲಿ ಸೀಟನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು, ಹೋದಳು.

ಮೇಷ್ಟ್ರ ಕೆಲಸದಲ್ಲಿ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ. ಕೈಯಲ್ಲಿ ವಾಕಿಟಾಕಿ ಇದ್ದರೂ ಮಾತಾಡಬಾರದು. ನೀವು ಹೇಳಬೇಕಾದ್ದನ್ನೆಲ್ಲ ಹೇಳಿಯಾಗಿದೆ, ಈಗ ಹೇಳಿದರೆ ಅವಳ ಕಿವಿ ಕೆಡುತ್ತದೆ ಅಷ್ಟೆ.

ನನ್ನ ಭಾರ ಇಳಿದದ್ದಕ್ಕೆ ವಿಮಾನ ಬೇಗ ಎದ್ದಿತು, ಉಬ್ಬಿಗಿಂತ ಎಷ್ಟೋ ಮೊದಲೇ. ಒಂಟಿಯಾಗಿ ಹಾರುವವರೆಲ್ಲ ಇದಕ್ಕೆ ಬೆಚ್ಚುತ್ತಾರೆ. ಅದೇ ಹಗುರವಾದ ವಿಮಾನ ಇಳಿಯುವಾಗ ನೆಲಕ್ಕೆ ಕೂರಲು ಒಪ್ಪದೆ ತೇಲುತ್ತದೆ. ಸಮೀನಾಳದೂ ತೇಲಿತು. ಉಬ್ಬಿನ ಹತ್ತಿರ ಬಂದು ಮೆತ್ತಗೆ ಕೂತಿತು. ಇಳಿದದ್ದು ಬೆಣ್ಣೆ. ನಾನು ಉಸಿರು ಬಿಟ್ಟೆ. ವಿಮಾನ ಉಬ್ಬು ದಾಟಿ ಆಚೆ ಇಳಿಯಿತು, ಬಾಲದ ತುದಿ ಮಾತ್ರ ಕಾಣುತ್ತಿತ್ತು. ಆ ಬಾಲ ಇದ್ದಕ್ಕಿದ್ದಂತೆ ಬಲಕ್ಕೆ ಹೊರಟಿತು, ಅರ್ಧ ಸುತ್ತು ಹಾಕಿ ಕಣ್ಮರೆಯಾಯಿತು. ಉಬ್ಬಿನ ಆಚೆಯಿಂದ ಕಂದು ಬಣ್ಣದ ಧೂಳು ಮೋಡದ ಹಾಗೆ ಎದ್ದಿತು.

ಓಡಿದೆ. ನನ್ನ ವಯಸ್ಸಿನವರು ಓಡಬಾರದಷ್ಟು ಓಡಿದೆ. ಬೆಂಕಿ ಹತ್ತಬಾರದು, ಬೆಂಕಿ ಒಂದು ಹತ್ತಬಾರದು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಉಬ್ಬು ಹತ್ತಿ ನೋಡಿದರೆ ವಿಮಾನ ರನ್‌ವೇ ಬಿಟ್ಟು ಕೆಂಪಮ್ಮನ ಹೊಲದಲ್ಲಿ, ಬಂದ ದಾರಿಗೇ ಮುಖಮಾಡಿ ನಿಂತಿತ್ತು. ಒಂದು ರೆಕ್ಕೆಯ ತುದಿ ತರಚಿತ್ತು. ಸಮೀನಾ ಸೀಟಿನಲ್ಲೇ ಇದ್ದಳು. ಎಂಜಿನ್ ಆರಿಸಿದ್ದಳು, ಪೆಟ್ರೋಲ್ ಮುಚ್ಚಿದ್ದಳು, ಸ್ವಿಚ್ಚುಗಳನ್ನೆಲ್ಲ ಕಲಿಸಿದ ಕ್ರಮದಲ್ಲೇ ಆರಿಸಿದ್ದಳು. ನನ್ನನ್ನು ನೋಡಿ, "ಸಾರಿ ಸರ್," ಅಂದಳು. ನನಗೆ ಅಳು ಬಂತು. ಅವಳ ಎದುರಿಗೆ ಅಳುವ ಹಾಗಿರಲಿಲ್ಲ, ಅದಕ್ಕೆ ಬೆಲ್ಟ್ ಯಾಕೆ ಇನ್ನೂ ಬಿಚ್ಚಿಲ್ಲ ಎಂದು ಬೈದೆ.

ಆಗಲೇ ಕಾಲ ಕೆಳಗೆ ಏನೋ ಜಾರಿತು. ನೋಡಿದರೆ ರನ್‌ವೇ ಅಗಲಕ್ಕೂ ಒಣಗಿದ ಹುರುಳಿ ಗಿಡ, ಹಾಸಿಗೆ ಹಾಸಿದ ಹಾಗೆ. ಪಕ್ಕದಲ್ಲಿ ಕವೆಗೋಲು ಹಿಡಿದು ಕೆಂಪಮ್ಮ.

ನಮ್ಮ ಕಡೆ ಹುರುಳಿ, ರಾಗಿಯನ್ನು ಟಾರು ರಸ್ತೆಗೆ ಹರಡುವುದು ನಿಮಗೆ ಹೊಸದಲ್ಲ. ಬಸ್ಸು ಲಾರಿ ತುಳಿದುಕೊಂಡು ಹೋಗುತ್ತವೆ, ಒಕ್ಕಣೆ ತಾನಾಗಿ ಆಗುತ್ತದೆ, ಎತ್ತಿನ ಕೆಲಸ ತಪ್ಪುತ್ತದೆ. ಕೆಂಪಮ್ಮ ಬೆಳಿಗ್ಗೆಯಿಂದ ನೋಡಿದ್ದಾಳೆ: ನಮ್ಮ ವಿಮಾನ ಉಬ್ಬಿನ ಆಚೆಯ ಅದೇ ಜಾಗದ ಮೇಲೆ ಮತ್ತೆ ಮತ್ತೆ ಓಡುತ್ತಿದೆ. ದೊಡ್ಡಿಯ ದಾರಿಗೆ ಬಸ್ಸು ಬರುವುದೇ ಅಪರೂಪ, ಇದಾದರೆ ಗಳಿಗೆಗೊಂದು ಸಲ. ನಾವು ಟೀ ಕುಡಿಯಲು ಹೋದ ಹೊತ್ತಿನಲ್ಲಿ ಹರಡಿಬಿಟ್ಟಿದ್ದಾಳೆ. ಒಣ ಹುರುಳಿಯ ಮೇಲೆ ಬ್ರೇಕ್ ಹಿಡಿಯುವುದಿಲ್ಲ. ಬಳ್ಳಿ ಒಂದು ಗಾಲಿಗೆ ಸುತ್ತಿಕೊಂಡು ಅದು ಮಾತ್ರ ತಡೆಯಿತು, ಇನ್ನೊಂದು ಜಾರಿತು. ನಾನೇ ಒಳಗೆ ಕೂತಿದ್ದರೂ ಅದೇ ಸುತ್ತು ಹಾಕಿಸಿಕೊಳ್ಳುತ್ತಿದ್ದೆ.

ನಾನು ಸಮೀನಾಳನ್ನು ಇಳಿಸಿ, ಮರದ ನೆರಳಿಗೆ ಕರೆದುಕೊಂಡು ಹೋಗಿ, ನೀರು ಕುಡಿಸಿದೆ. ಅಷ್ಟರಲ್ಲಿ ದೊಡ್ಡಿಯಿಂದ ಹೆಂಗಸರು ಗಂಡಸರು ಎಲ್ಲ ಓಡಿ ಬಂದರು. ವಿಮಾನವನ್ನು ತಳ್ಳಿ ನೆಟ್ಟಗೆ ಮಾಡಿಕೊಟ್ಟರು. ಎಂಥ ಒಳ್ಳೆಯ ಜನ ಎಂದು ನನಗೆ ಮನಸ್ಸು ತುಂಬಿ ಬಂತು. ಚೀಫ್ ಜೀಪಿನಲ್ಲಿ ಬಂದು ಇಳಿಯುವ ಹೊತ್ತಿಗೆ ನೋಡುತ್ತೇನೆ, ರನ್‌ವೇ ಮೇಲೆ ಒಂದು ಕಾಳು ಇಲ್ಲ. ರಸ್ತೆಯಲ್ಲಿ ಪೊಲೀಸ್ ಜೀಪು ಕಂಡಾಗ ಒಕ್ಕಣೆ ಎತ್ತಿ ಅಭ್ಯಾಸವಿದ್ದ ಜನ. ಗುಡಿಸಿ, ಬಾಚಿ, ಹೊರೆ ಕಟ್ಟಿ, ಹೊತ್ತು ಮನೆ ಸೇರಿದ್ದರು. ಹೆಗಲು ಕೊಟ್ಟು ವಿಮಾನ ತಳ್ಳುವ ನೆವದಲ್ಲಿ ಗಾಲಿಗೆ ಸುತ್ತಿದ್ದನ್ನೂ ಬಿಡಿಸಿಕೊಂಡಿದ್ದರು.

ನಾನು ಚೀಫ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹುರುಳಿ ಎಲ್ಲಿ ಎಂದು ಕೇಳಿದರು. ಎತ್ತಿಕೊಂಡು ಹೋದರು ಅಂದೆ. ಗಾಲಿಯ ಸಂದಿಯಲ್ಲಿ ಉಳಿದಿದ್ದ ಒಂದೆರಡು ಕಡ್ಡಿ ಕಿತ್ತು ತೋರಿಸಿದೆ. ವಿಮಾನ ಹುರುಳಿ ಕೊಯ್ದ ಹೊಲಕ್ಕೆ ನುಗ್ಗಿದರೆ ಹುರುಳಿ ಕಡ್ಡಿಯಲ್ಲದೆ ಮಲ್ಲಿಗೆ ಹೂವು ಸಿಕ್ಕಿಕೊಳ್ಳುತ್ತದೆಯೇ ಎಂದರು. ಆಮೇಲೆ ನಿಧಾನವಾಗಿ, ಮೀಸೆಯನ್ನು ಸರಿಮಾಡಿಕೊಂಡು ಹೇಳಿದರು:

"ನನ್ನ ಸರ್ವೀಸಿನಲ್ಲಿ ತಪ್ಪನ್ನು ಗಾಳಿ ಮೇಲೆ ಹಾಕಿದವರನ್ನು ನೋಡಿದ್ದೇನೆ, ಹದ್ದಿನ ಮೇಲೆ ಹಾಕಿದವರನ್ನು ನೋಡಿದ್ದೇನೆ. ಸಾರಿನ ಕಾಳಿನ ಮೇಲೆ ಹಾಕಿದವರು ನೀವೇ ಮೊದಲು. ಆ ಹುಡುಗಿಯ ಕಾಲು ತಡವಾಯಿತು. ನಾಳೆ ಮನೆಗೆ ಕಳಿಸಿಬಿಡಿ, ಬೇರೆ ಏನಾದರೂ ಓದಿಕೊಳ್ಳಲಿ."

ಅವರು ಕೆಟ್ಟವರಲ್ಲ. ಪ್ರಾಣ ಉಳಿದಾಗಲೇ ನಿಲ್ಲಿಸಿದರೆ ಒಳ್ಳೆಯದು ಎನ್ನುವ ಲೆಕ್ಕ ಅವರದು. ಆದರೆ ಮನೆಗೆ ಕಳಿಸುವುದು ಎಂದರೆ ಅವಳಿಗೆ ಏನು ಅಂತ ನನಗೆ ಗೊತ್ತಿತ್ತು. ಸಮೀನಾಳಂತೂ ವಾದಿಸಲಿಲ್ಲ. ಅವಳಿಗೆ ಸುತ್ತು ಹಾಕಿದ್ದೊಂದೇ ನೆನಪು, ಹುರುಳಿ ಕಣ್ಣಿಗೇ ಬಿದ್ದಿರಲಿಲ್ಲ. ನಾನು ಹೇಳಿದರೂ, ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದೀರಿ ಸರ್ ಅಂದಳು.

ಸಂಜೆ ದೊಡ್ಡಿಗೆ ಹೋದೆ. ಮೊದಲು ಸಿಕ್ಕಿದವನನ್ನು ಕೇಳಿದೆ. ಹುರುಳಿ ಎಂಬ ಪದವನ್ನೇ ಅವನು ಅವತ್ತು ಮೊದಲ ಸಲ ಕೇಳಿದ ಹಾಗೆ ನೋಡಿದ. ಅರಳಿಕಟ್ಟೆಯಲ್ಲಿ ಕೂತವರು, ಈ ಸಲ ದೊಡ್ಡಿಯಲ್ಲಿ ಯಾರೂ ಹುರುಳಿ ಹಾಕೇ ಇಲ್ಲವಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಂಪಮ್ಮ ಬಾಗಿಲಲ್ಲೇ ನಿಂತಿದ್ದಳು. ಸೆರಗಿಗೆ ಹುರುಳಿ ಹೊಟ್ಟು ಅಂಟಿತ್ತು, ಜಡೆಯಲ್ಲಿ ಒಂದು ಕಡ್ಡಿ ಇತ್ತು.

"ಯಾವ ಹುರುಳಿ ಮೇಷ್ಟ್ರೇ? ನಂಗೊತ್ತಿಲ್ಲ. ಬನ್ನಿ, ಉಣ್ಣಿ ಒಸಿ," ಅಂದಳು.

ಉಂಡೆ. ಮುದ್ದೆ, ಹುರುಳಿಕಾಳಿನ ಸಾರು. ಹೊಸ ಕಾಳು ಎಂದು ರುಚಿಯೇ ಹೇಳುತ್ತಿತ್ತು. ಎರಡನೆಯ ಸಲ ಸಾರು ಹಾಕಿಸಿಕೊಂಡು, ಚೆನ್ನಾಗಿದೆ, ಯಾವ ಅಂಗಡಿಯ ಕಾಳು ಎಂದು ಕೇಳಿದೆ. ಕನಕಪುರದ ಸಂತೆಯದು ಅಂತ ಕಣ್ಣು ಮಿಟುಕಿಸದೆ ಹೇಳಿದಳು. ಪೊಲೀಸರನ್ನು ಕರೆಯುತ್ತೇವೆ, ಕೇಸು ಹಾಕುತ್ತೇವೆ ಎಂಬ ಭಯ ಅವಳಿಗೆ. ಹಿಂದೆ ಒಮ್ಮೆ ಹೆದ್ದಾರಿಯಲ್ಲಿ ಹರಡಿದ್ದ ರಾಗಿಯನ್ನು ಯಾರೋ ಕಾನ್‌ಸ್ಟೇಬಲ್ ಬೂಟಿನಲ್ಲಿ ಚೆಲ್ಲಾಡಿದ್ದನ್ನು ಅವಳು ಹತ್ತಾರು ಸಲ ಹೇಳಿದ್ದಳು. ನಾನು ಕೇಸಿನ ಮಾತೇ ಎತ್ತಲಿಲ್ಲ. ಕೈ ತೊಳೆದು ಎದ್ದು, ಹೊಸಿಲು ದಾಟುವಾಗ ಹೇಳಿದೆ, ಆ ಹುಡುಗಿಗೆ ಓಡಿಸಲು ಬರುವುದಿಲ್ಲ ಎಂದು ನಾಳೆ ಮನೆಗೆ ಕಳಿಸುತ್ತಿದ್ದಾರೆ, ಇನ್ನು ಅವಳು ಬರುವ ಹಾಗಿಲ್ಲ. ಕೆಂಪಮ್ಮ ತಟ್ಟೆ ತೆಗೆಯಲು ಬಗ್ಗಿದವಳು ಹಾಗೇ ನಿಂತಿದ್ದಳು.

ಮಾರನೆಯ ದಿನ ಬೆಳಿಗ್ಗೆ ಸಮೀನಾ ತನ್ನ ಹೆಡ್‌ಫೋನು, ಪುಸ್ತಕಗಳನ್ನು ಹಿಂದಿರುಗಿಸಲು ಬಂದಿದ್ದಳು. ಚೀಫ್ ಮೇಜಿನ ಹಿಂದೆ, ನಾನು ಪಕ್ಕದಲ್ಲಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಕೆಂಪಮ್ಮ, ತಲೆಯ ಮೇಲೆ ಮೊರ ಹೊತ್ತುಕೊಂಡು ಒಳಗೆ ಬಂದಳು. ಮೊರವನ್ನು ಚೀಫ್ ಮುಂದಿನ ಕಾಗದಗಳ ಮೇಲೇ ಇಟ್ಟಳು. ಅದರ ತುಂಬ ಹುರುಳಿ, ಕಡ್ಡಿ ಸಮೇತ. ಕಡ್ಡಿಗಳ ಮೇಲೆ ಟೈರಿನ ಕಪ್ಪು ಗೆರೆ ಅಚ್ಚೊತ್ತಿತ್ತು.

"ಹುರುಳಿ ನಂದೇ ಸಾಯೇಬ್ರೇ," ಅಂದಳು. "ಮಗಿಗೆ ಏನೂ ಅನ್ಬೇಡಿ."

ಚೀಫ್ ಒಂದು ಕಡ್ಡಿ ಎತ್ತಿ ಬೆಳಕಿಗೆ ಹಿಡಿದರು. ರನ್‌ವೇ ಮೇಲೆ ಯಾಕೆ ಹಾಕಿದೆ ಎಂದು ಕೇಳಿದರು.

"ವರ್ಸ ವರ್ಸ ನಮ್ ಹೊಟ್ಟು ಎತ್ಲಾಗೆ ಹಾರ್ತದೆ ಅಂತ ನೋಡ್ಕಂಡು ನೀವು ಇಳೀತೀರಿ. ನಾನು ಯಾವತ್ತಾರ ಬ್ಯಾಡ ಅಂದಿದ್ನಾ? ವತ್ತಾರೆಯಿಂದ ನಿಮ್ ಇಮಾನ ಸುಮ್ಕೆ ಓಡಾಡ್ತಿತ್ತು. ಒಸಿ ನನ್ ಹುರುಳಿ ಮ್ಯಾಲೂ ಓಡಾಡ್ಲಿ ಅಂತ ಹರಡ್ದೆ."

"ಆ ಹುಡುಗಿ ಸತ್ತುಹೋಗಬಹುದಿತ್ತು, ಗೊತ್ತಾ ನಿನಗೆ?" ಅಂದರು ಚೀಫ್.

ಕೆಂಪಮ್ಮ ಸಮೀನಾ ಕಡೆ ನೋಡಿದಳು. ಮುಖ ಚಿಕ್ಕದಾಯಿತು.

"ಗೊತ್ತಿರ್ನಿಲ್ಲ. ಬಸ್ಸು ತುಳೀತದೆ, ಲಾರಿ ತುಳೀತದೆ, ಯಾವ್ದೂ ತಿರಿಕ್ಕಂಡು ಹೊಲಕ್ಕೆ ನುಗ್ಗಿಲ್ಲ. ಕಣ್ ಮುಚ್ಚುದ್ರೆ ಅದೇ ಬತ್ತದೆ. ಪೋಲೀಸ್ನೋರ್ನ ಕರೀತೀರಾ ಕರೀರಿ, ನಾ ಬತ್ತೀನಿ. ಮಗೀನ ಮನೆಗೆ ಕಳಿಸ್ಬೇಡಿ."

ಕೆಂಪಮ್ಮ ಮೂಗು ಒರೆಸಿಕೊಂಡಳು. ಬಂದದ್ದೇ ಬಂದೆ, ಇದನ್ನೂ ಹೇಳಿಬಿಡುತ್ತೇನೆ ಎನ್ನುವ ಹಾಗೆ ಮೊರಕ್ಕೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆದು ಚೀಫ್ ಮೂಗಿನ ಹತ್ತಿರ ಹಿಡಿದಳು. ಬಸ್ಸು ತುಳಿದರೆ ಕಾಳು ಕಾಳಾ‌ಗೇ ಉದುರುತ್ತದೆ, ನಿಮ್ಮದು ಅಲ್ಲಲ್ಲಿ ಬೇಳೆ ಮಾಡಿಬಿಟ್ಟಿದೆ, ಉಳಿದ ಅರ್ಧ ಸಿಪ್ಪೆಯನ್ನೇ ಬಿಟ್ಟಿಲ್ಲ, ಇದೂ ಒಂದು ಒಕ್ಕಣೆಯೇ ಎಂದು ಕೇಳಿದಳು. ಮೀಸೆಯ ಕೆಳಗೆ ಚೀಫ್ ತುಟಿ ನಗು ತಡೆಯಲಾರದೆ ಅಲುಗಿದ್ದನ್ನು ಆ ಶಾಲೆಯಲ್ಲಿ ನಾನು ಕಂಡದ್ದು ಅದೊಂದೇ ಸಲ. ಟೀ ತರಿಸಿದರು, ಕೆಂಪಮ್ಮನಿಗೂ ಸೇರಿಸಿ. ಅದು ಅವರು ಸೋತಾಗ ಮಾಡುತ್ತಿದ್ದ ಕೆಲಸ. ಮೇಲಿನವರಿಗೆ ತಿಳಿಸುವಾಗ ಕಾರಣ ಏನೆಂದು ಹೇಳುವುದು ಎಂದು ಅರ್ಧ ದಿನ ತಲೆ ಕೆರೆದುಕೊಂಡು, ಕೊನೆಗೆ ರನ್‌ವೇ ಮೇಲೆ ದ್ವಿದಳ ಧಾನ್ಯ ಎಂದು ತಿಳಿಸಿದರು. ನನಗೆ ಬೇರೆಯಾಗಿ ಒಂದು ಮಂಗಳಾರತಿ ಆಯಿತು: ಟೀ ಕುಡಿದ ಮೇಲೆ ರನ್‌ವೇ ಉದ್ದಕ್ಕೂ ಒಮ್ಮೆ ನಡೆದು ನೋಡಿಬರಲು ನಿಮ್ಮ ಕಾಲಿಗೆ ಏನಾಗಿತ್ತು ಎಂದು. ಸರಿಯಾಗಿಯೇ ಕೇಳಿದರು. ಈಗ ಸೇರುವವರು ಇದನ್ನು ನನ್ನಿಂದ ಕೇಳಿ ಕಲಿಯಿರಿ, ಹುರುಳಿಯಿಂದ ಕಲಿಯಬೇಡಿ.

ಸಮೀನಾ ಮನೆಗೆ ಹೋಗಬೇಕಿಲ್ಲ ಎಂದಾಯಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೊರಗೆ ಬಂದು ಅವಳು ನನಗೆ ಮೆಲ್ಲಗೆ ಹೇಳಿದಳು:

"ಹುರುಳಿ ಇತ್ತು ಸರ್, ಸರಿ. ಆದ್ರೆ ಉಬ್ಬಿನ ತನಕ ತೇಲಿದ್ದು ನಾನೇ ಅಲ್ವಾ? ಮೊದ್ಲೇ ಇಳಿದಿದ್ರೆ ಅಲ್ಲಿಗೆ ಹೋಗೋ ಹೊತ್ತಿಗೆ ವೇಗ ಇಳಿದಿರ್ತಿತ್ತು."

ಅದೂ ನಿಜ. ನಿಜ ಎಂದೇ ಹೇಳಿದೆ. ಸುಳ್ಳು ಸಮಾಧಾನ ಹೇಳಿದರೆ ಮುಂದಿನ ಸಲ ಇಳಿಯುವಾಗ ಅದು ಅವಳ ಕೆಲಸಕ್ಕೆ ಬರುವುದಿಲ್ಲ. ಒಬ್ಬಳೇ ಹೋಗಲಾರೆ, ನೀವೂ ಬನ್ನಿ ಅಂದಳು. ಕೆಲವು ದಿನ ಜೊತೆಗೆ ಹೋದೆ. ನಾನಿದ್ದರೆ ಚೆನ್ನಾಗಿಯೇ ಇಳಿಸುತ್ತಿದ್ದಳು. ಬಾಗಿಲು ತೆಗೆದು ಇಳಿಯಲು ಹೋದರೆ ಅವಳ ಕಾಲು ಪೆಡಲ್ ಮೇಲೆ ನಡುಗುವುದು ನನಗೆ ಕಾಣುತ್ತಿತ್ತು, ಮತ್ತೆ ಕೂರುತ್ತಿದ್ದೆ. ಚೀಫ್ ದಿನವೂ ನೋಡುತ್ತಿದ್ದರು. ಹೀಗೇ ಆದರೆ ಹುರುಳಿ ಮಾಡಲಾರದ್ದನ್ನು ಹೆದರಿಕೆ ಮಾಡಿಬಿಡುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ನಾವು ವಿಮಾನ ಹೊರಗೆ ತಂದಾಗ ರನ್‌ವೇ ಮೇಲೆ ಯಾರೋ ಬಗ್ಗಿಕೊಂಡು ಬರುತ್ತಿದ್ದರು. ಕೆಂಪಮ್ಮ. ಉದ್ದನೆಯ ಪೊರಕೆ ಹಿಡಿದು ಆ ತುದಿಯಿಂದ ಈ ತುದಿಯವರೆಗೆ ಗುಡಿಸಿಕೊಂಡು ಬಂದಿದ್ದಳು, ತನ್ನ ಅಂಗಳದ ಹಾಗೆ. ನೀರೊಂದು ಚಿಮುಕಿಸಿರಲಿಲ್ಲ, ರಂಗೋಲಿಯೊಂದು ಹಾಕಿರಲಿಲ್ಲ. ವಿಮಾನದ ಹತ್ತಿರ ಬಂದು, ಸೊಂಟಕ್ಕೆ ಕೈ ಕೊಟ್ಟು, ಕಿಟಕಿಯೊಳಗೆ ಬಗ್ಗಿ ನೋಡಿದಳು.

"ಒಂದು ಕಡ್ಡಿ ಇಲ್ಲ ಕಣವ್ವ, ಕಣ್ಣಾರೆ ನೋಡಿವ್ನಿ," ಅಂದಳು ಸಮೀನಾಗೆ. "ನೀನು ಓಡ್ಸು. ನಾನು ಆ ಉಬ್ಬಿನ ಮ್ಯಾಲೆ ನಿಂತಿರ್ತೀನಿ, ಒಂದ್ ನಾಯೀನೂ ಬುಡಲ್ಲ."

ಆಮೇಲೆ ನನ್ನ ಕಡೆ ತಿರುಗಿ, ನೀವ್ಯಾಕೆ ಇನ್ನೂ ಒಳಗೆ ಕೂತಿದ್ದೀರಿ, ಇಳೀರಿ, ಹುಡುಗಿಗೆ ಭಾರ ಅಂದಳು. ಸಮೀನಾ ನಕ್ಕಳು. ಆ ಸುತ್ತು ಹಾಕಿದ ದಿನದಿಂದ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಇಳಿಯಿರಿ ಸರ್ ಎಂದು ಅವಳೇ ಹೇಳಿದಳು. ಇಳಿದೆ. ಈ ಸಲ ಸೀಟಿನ ಬೆಲ್ಟನ್ನು ಎರಡೆರಡು ಸಲ ಎಳೆದು ನೋಡಿ ಕಟ್ಟಿದೆ.

ವಿಮಾನ ಹೊರಟಿತು. ಕೆಂಪಮ್ಮ ಉಬ್ಬಿನ ಪಕ್ಕದಲ್ಲಿ, ರನ್‌ವೇ ಅಂಚಿನ ಆಚೆ ನಿಂತು, ಪೊರಕೆ ಎತ್ತಿ ಬಸ್ ಕಂಡಕ್ಟರನ ಹಾಗೆ ರೈಟ್ ರೈಟ್ ಎಂದು ಕೂಗಿದಳು. ಎದ್ದಿತು, ಬಂಡೆಗಳ ಮೇಲೆ ಸುತ್ತಿತು, ತಿರುಗಿತು. ನಾನು ಓಡುತ್ತ ಹೋಗಿ ಕೆಂಪಮ್ಮನ ಪಕ್ಕದಲ್ಲಿ ನಿಂತೆ. ಉಬ್ಬಿನ ಆಚೆ ಕಾಣದೆ ಇನ್ನೊಂದು ಸಲ ಕಾಯುವ ಶಕ್ತಿ ನನಗಿರಲಿಲ್ಲ. ಚೀಫ್ ಜೀಪಿನಲ್ಲಿ ಬಂದು ನಮ್ಮ ಹಿಂದೆ ನಿಂತರು. ಬೆಟ್ಟ ಕಾಣುವ ಜಾಗಕ್ಕೆ ವಿಮಾನ ಬಂದಾಗ ನನ್ನ ಕೈಗಳು ತಾವಾಗಿ ಜೋಡಿಕೊಂಡವು. ಈ ಸಲ ಚೀಫ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಸಮೀನಾ ತೇಲಿಸಲಿಲ್ಲ. ಮೊದಲೇ ವೇಗ ಇಳಿಸಿಕೊಂಡು ಬಂದು, ಎಲ್ಲಿ ಮುಟ್ಟಬೇಕೋ ಅಲ್ಲೇ ಮುಟ್ಟಿಸಿದಳು. ಬಾಲ ಕೂತಿತು. ನಮ್ಮ ಕಡೆಗೆ ಓಡಿ ಬರುವಾಗ ಒಮ್ಮೆ ಎಡಕ್ಕೆ ಒಂದಿಷ್ಟು ವಾಲಿತು, ವಾಲಿದ ಕ್ಷಣವೇ ಅವಳ ಕಾಲು ಅದನ್ನು ವಾಪಸು ಎಳೆಯಿತು. ನಡುಗೆರೆಯ ಮೇಲೆ, ನೂಲು ಹಿಡಿದ ಹಾಗೆ ನೆಟ್ಟಗೆ, ನಮ್ಮ ಮುಂದೆಯೇ ಉಬ್ಬು ದಾಟಿ, ಕೆಂಪಮ್ಮ ಹುರುಳಿ ಹರಡಿದ್ದ ಜಾಗದ ಮೇಲೆ ಹಾಯ್ದು, ನಿಧಾನವಾಗಿ ನಿಂತಿತು. ನಾನು ಅತ್ತೆ. ಈ ಸಲ ಯಾರನ್ನೂ ಬೈಯಬೇಕು ಅನ್ನಿಸಲಿಲ್ಲ.

ಕೆಂಪಮ್ಮ ಪೊರಕೆ ಊರಿಕೊಂಡು, ಗಾಲಿ ಹೋದ ಗೆರೆಯನ್ನೇ ತುಂಬ ಹೊತ್ತು ನೋಡುತ್ತಿದ್ದಳು. ಆಮೇಲೆ, ಹಿಂದೆ ಚೀಫ್ ಇದ್ದಾರೆ ಎಂಬುದನ್ನು ಮರೆತು, ನನ್ನ ಕಡೆ ಬಗ್ಗಿ ಹೇಳಿದಳು:

"ಹರಡಿದ್ರೆ ಇವತ್ತು ಹರಡ್ಬೇಕಿತ್ತು ಕಣ್ ಮೇಷ್ಟ್ರೇ. ಒಂದ್ ಕಾಳೂ ಸಿಪ್ಪೇಲಿ ಉಳೀತಿರ್ನಿಲ್ಲ."